ಹುಷಾರಾದ ಮೇಲೆ ಬನ್ನಿ

ಫೋನ್ ಕೆಳಗಿಟ್ಟ ಮೇಲೂ ಅಕ್ಕನಿಗೆ ತಾನು ಕೇಳಿಸಿಕೊಂಡದ್ದನ್ನು ನಂಬಲಾಗಲಿಲ್ಲ. ಸುಸ್ತಿನ ಕಾಯಿಲೆಯ ಮೇಲೆ ಸಂಶೋಧನೆ ಮಾಡುವವರು ಸುಸ್ತಿನ ಕಾಯಿಲೆಯವಳಿಗೆ, ಇಷ್ಟೊಂದು ಸುಸ್ತಿದ್ದರೆ ಬರಬೇಡಿ, ಹುಷಾರಾದ ಮೇಲೆ ಬನ್ನಿ ಎಂದಿದ್ದರು. ಅದನ್ನೂ ಎಷ್ಟು ನಯವಾಗಿ ಹೇಳಿದ್ದರು ಅಂತೀರಿ. ಬೈದಿದ್ದರೆ ತಿರುಗಿಸಿ ಎರಡು ಬೈಯಬಹುದಿತ್ತು. ಹೀಗೆ ಬೆಣ್ಣೆ ಸವರಿದ ದನಿಯಲ್ಲಿ ಹೇಳಿದರೆ ಯಾರ ಜುಟ್ಟು ಹಿಡಿಯುವುದು?

ಅಕ್ಕ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಪಕ್ಕದ ಸೀಟಿನಲ್ಲಿ ಕೂತು, ಕಲಿಯುವವರು ಕಂಬಕ್ಕೆ ಗುದ್ದುವ ಮೊದಲು ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತುವುದು ಅವಳ ಕೆಲಸ. ಊರಿನವರ ತಪ್ಪಿಗೆಲ್ಲ ಬ್ರೇಕು ಒತ್ತುವವಳ ನಾಲಿಗೆಗೆ ಮಾತ್ರ ಬ್ರೇಕಿಲ್ಲ ಎಂದು ಜೊತೆಯವರು ಅವಳನ್ನು ರೇಗಿಸುತ್ತಿದ್ದರು. ಆದರೆ ಆವತ್ತು ಫೋನಿನಲ್ಲಿ ಅವಳಿಗೆ ಮಾತೇ ಹೊರಡಲಿಲ್ಲ. ಸರಿ ಮೇಡಂ ಎಂದುಬಿಟ್ಟಳು. ಆ 'ಸರಿ ಮೇಡಂ' ನೆನೆದು ಈಗ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ತಂಗಿಗೆ ಮನೆಯಲ್ಲಿ ಬುಗುರಿ ಎಂದು ಹೆಸರು. ಚಿಕ್ಕವಳಿದ್ದಾಗ ಒಂದು ಕಡೆ ನಿಂತವಳಲ್ಲ, ಊಟಕ್ಕೆ ಕೂತರೂ ಒಂದು ಕಾಲು ಕುಣಿಯುತ್ತಲೇ ಇರುತ್ತಿತ್ತು. ದೊಡ್ಡವಳಾಗಿ ಶಾಲೆಯೊಂದರಲ್ಲಿ ಈಜು ಕಲಿಸುತ್ತಿದ್ದಳು. ಐದು ವರ್ಷದ ಹಿಂದೆ ಒಂದು ಜ್ವರ ಬಂತು. ಜ್ವರ ಹೋಯಿತು, ಸುಸ್ತು ಮನೆ ಮಾಡಿಕೊಂಡು ಕೂತಿತು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಅದು. ಒಂದು ದಿನ ಸ್ವಲ್ಪ ಹೆಚ್ಚು ಓಡಾಡಿದರೆ ಅದರ ದಂಡ ಮಾರನೆಯ ದಿನವೋ ಅದರ ಮರುದಿನವೋ ಬೀಳುತ್ತಿತ್ತು. ಆಗ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಚಮಚ ತಟ್ಟೆಗೆ ತಾಗಿದ ಸದ್ದೂ ತಲೆಯೊಳಗೆ ಸುತ್ತಿಗೆ ಬಡಿದಂತಾಗುತ್ತಿತ್ತು, ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕುಸಿಯುತ್ತಿತ್ತು. ಆಮೇಲೆ ವಾರಗಟ್ಟಲೆ ಹಾಸಿಗೆ.

ರಕ್ತ ಸರಿ ಇದೆ, ಎದೆ ಸರಿ ಇದೆ ಎಂದು ಒಬ್ಬೊಬ್ಬ ಡಾಕ್ಟರೂ ಕೈ ತೊಳೆದುಕೊಂಡರು. ನೋಡಲು ಬಂದವರೆಲ್ಲ ನಮಗೂ ಸುಸ್ತಾಗುತ್ತೆ ಎಂದರು. ಪಕ್ಕದ ಮನೆಯವರಿಗೂ ಸುಸ್ತು, ಅತ್ತೆ ಮಗನಿಗೂ ಸುಸ್ತು, ಬಂದು ಎರಡು ಲೋಟ ಕಾಫಿ ಕುಡಿದು ಗಂಟೆಗಟ್ಟಲೆ ಹರಟಿ, ಬಿಸಿಲಿಗೆ ಸುಸ್ತಪ್ಪಾ ಎನ್ನುತ್ತ ಎದ್ದು ಹೋಗುವವರಿಗೂ ಸುಸ್ತು. ಅಕ್ಕ ಹಲ್ಲು ಕಚ್ಚಿಕೊಂಡು ಲೋಟ ತೊಳೆಯುತ್ತಿದ್ದಳು.

ಎಲ್ಲರಿಗಿಂತ ಕಷ್ಟದವರು ಅಪ್ಪ. ಅಪ್ಪ ರಿಟೈರಾದ ಗಣಿತದ ಮೇಷ್ಟ್ರು, ಸಾಬೀತಾಗದ್ದು ಯಾವುದನ್ನೂ ಒಪ್ಪುವವರಲ್ಲ. ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ, ಹಣ್ಣು ಹೆಚ್ಚಿ ತಂದು ಹಾಸಿಗೆಯ ಪಕ್ಕ ಇಡುತ್ತಿದ್ದರು. ಇಟ್ಟು, ಎದ್ದು ನಾಲ್ಕು ಹೆಜ್ಜೆ ಹಾಕಮ್ಮ, ತಾನಾಗೇ ಸರಿ ಹೋಗುತ್ತೆ ಎಂದು ಒಂದು ಮಾತು ಚುಚ್ಚಿ ಹೋಗುತ್ತಿದ್ದರು. ಹಣ್ಣು ಹಾಗೇ ಕಪ್ಪಗಾಗುತ್ತಿತ್ತು.

ಆಗ ಸಿಕ್ಕಿದ್ದು ದೊಡ್ಡ ಆಸ್ಪತ್ರೆಯ ಈ ಅಧ್ಯಯನ. ಇದೇ ಕಾಯಿಲೆಯವರ ಮೆದುಳನ್ನು ನಾಲ್ಕು ವರ್ಷದಲ್ಲಿ ಮೂರು ಸಲ ಎಂಆರ್‌ಐ ಯಂತ್ರದಲ್ಲಿ ಚಿತ್ರ ತೆಗೆದು, ಕಾಲ ಕಳೆದಂತೆ ಒಳಗೆ ಏನೇನು ಬದಲಾಗುತ್ತದೆ ಎಂದು ನೋಡುವುದು ಅವರ ಉದ್ದೇಶ. ಬುಗುರಿ ಸೇರುತ್ತೇನೆಂದು ಹಟ ಹಿಡಿದಳು. ಮನುಷ್ಯರು ಯಾರೂ ನಂಬಲಿಲ್ಲ, ಯಂತ್ರವಾದರೂ ನನ್ನ ಬಗ್ಗೆ ನಿಜ ಹೇಳಲಿ ಎಂದಿದ್ದಳು. ಅವಳಿಗೆ ಬೇಕಿದ್ದುದು ಅಷ್ಟೇ. ಔಷಧಿ ಕೊಡುತ್ತಾರೆಂದು ಅವಳೂ ನಂಬಿರಲಿಲ್ಲ.

ಮೊದಲ ಸಲ ಹೋಗುವಾಗ ಅಕ್ಕನ ತಯಾರಿ ನೋಡಬೇಕಿತ್ತು. ಎರಡು ವಾರ ತಂಗಿಯನ್ನು ಹಾಸಿಗೆಯಿಂದ ಏಳಗೊಡಲಿಲ್ಲ. ಮನೆಗೆ ಯಾರೂ ಬರಕೂಡದು, ಟಿವಿ ಹಾಕಕೂಡದು, ಅಪ್ಪ ಕೆಮ್ಮಿದರೂ ತಪ್ಪು. ಹೀಗೆ ಚೂರು ಚೂರಾಗಿ ಕೂಡಿಟ್ಟ ಶಕ್ತಿಯನ್ನೆಲ್ಲ ಆ ಒಂದು ಬೆಳಗ್ಗೆಗೆ ಖರ್ಚು ಮಾಡುವುದೆಂದು ಏರ್ಪಾಡು. ಹಿಂದಿನ ದಿನ ಅಕ್ಕನೇ ತಲೆಗೆ ನೀರು ಹಾಕಿ, ಒರೆಸಿ, ಇಸ್ತ್ರಿ ಮಾಡಿದ ಬಟ್ಟೆ ತೆಗೆದಿಟ್ಟಳು. ಹೊರಡುವಾಗ ತುಟಿಗೆ ಒಂದಿಷ್ಟು ಬಣ್ಣವನ್ನೂ ಹಚ್ಚಿದಳು. ನಾಲ್ಕು ಜನರ ಮುಂದೆ ಹೋಗುವಾಗ ಹಾಳು ಸುರಿಯುವ ಮುಖ ಇಟ್ಟುಕೊಂಡು ಹೋಗುತ್ತಾರೆಯೇ?

ಬುಗುರಿ ತನ್ನ ಕಾಲ ಮೇಲೆ ತಾನೇ ನಡೆದು ಹೋದಳು. ಅಧ್ಯಯನದ ಮುಖ್ಯಸ್ಥರಾದ ಡಾಕ್ಟರು ಸದಾ ನಗುವವರು, ಅಕ್ಕ ಅವರಿಗೆ ಮೊದಲ ದಿನವೇ ನಗುಮುಖ ಎಂದು ಹೆಸರಿಟ್ಟಳು. ಪರವಾಗಿಲ್ಲ, ಚೆನ್ನಾಗೇ ಕಾಣ್ತಿದ್ದೀರಿ ಎಂದು ಅವರು ಮೆಚ್ಚಿಕೊಂಡರು. ತಲೆಯನ್ನು ಪಂಜರದಂಥದ್ದರಲ್ಲಿ ಇಟ್ಟು, ಸುರಂಗದೊಳಗೆ ತಳ್ಳಿ, ಗಡಗಡ ಸದ್ದಿನ ನಡುವೆ ಪರದೆಯ ಮೇಲಿನ ಅಂಕಿಗಳನ್ನು ನೆನಪಿಟ್ಟು ಗುಂಡಿ ಒತ್ತಿಸಿದರು. ಆಯಿತು, ಥ್ಯಾಂಕ್ಸ್ ಎಂದು ಕಳಿಸಿದರು. ಮೂರನೆಯ ದಿನ ಬುಗುರಿ ಮಲಗಿದವಳು ಒಂದು ತಿಂಗಳು ಏಳಲಿಲ್ಲ. ಎರಡನೆಯ ಸಲವೂ ಇದೇ ಕಥೆ, ಏಳಲು ಇನ್ನೂ ಹೆಚ್ಚು ದಿನ ಹಿಡಿಯಿತು ಅಷ್ಟೇ. ಹೇಗಿದ್ದೀರಿ ಎಂದು ಕೇಳಲು ಆಸ್ಪತ್ರೆಯಿಂದ ಒಂದು ಫೋನೂ ಬರಲಿಲ್ಲ. ಬಂದದ್ದು ಎರಡು ಸಾಲಿನ ಟಿಪ್ಪಣಿ. ಅಧ್ಯಯನ ಮುಗಿಯುವವರೆಗೆ ಫಲಿತಾಂಶ ಹೇಳುವುದಿಲ್ಲ, ಸದ್ಯಕ್ಕೆ ಗಾಬರಿಪಡುವಂಥದ್ದೇನೂ ಕಂಡಿಲ್ಲ ಎಂದಿತ್ತು.

ಅದನ್ನು ಓದಿ ಅಪ್ಪ, ತಲೆ ಸರಿ ಇದೆ ಅಂತಾಯ್ತು, ಬುದ್ಧಿಯೇ ಸರಿ ಇಲ್ಲ ಎಂದು ನಕ್ಕರು. ಬಾಗಿಲು ಅರೆ ತೆರೆದಿತ್ತು. ಬುಗುರಿ ಗೋಡೆ ಕಡೆ ಹೊರಳಿದಳು.

ಈಗ ಮೂರನೆಯ ಸಲ. ಇದು ತಪ್ಪಿದರೆ ಹಿಂದಿನ ಎರಡು ಚಿತ್ರಗಳೂ ಲೆಕ್ಕಕ್ಕೆ ಬರುವುದಿಲ್ಲ, ಮಧ್ಯದಲ್ಲಿ ಬಿಟ್ಟು ಹೋದವರನ್ನು ಪೂರ್ತಿ ಕೈಬಿಡುತ್ತಾರೆ ಎಂಬ ನಿಯಮವಿತ್ತು. ಅವಧಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಹಿಂದಿನಂತೆಯೇ ಶಕ್ತಿ ಕೂಡಿಟ್ಟುಕೊಂಡು, ಬಟ್ಟೆ ಇಸ್ತ್ರಿ ಮಾಡಿಕೊಂಡು ಹೋದರೆ, ಯಂತ್ರ ರಿಪೇರಿಯಲ್ಲಿದೆ, ಹೇಳೋದು ಮರೆತುಹೋಯ್ತು, ಸಾರಿ ಎಂದು ಬಾಗಿಲಿಂದಲೇ ವಾಪಸ್ ಕಳಿಸಿದರು. ಎರಡು ವಾರದ ಉಳಿತಾಯ ಒಂದು 'ಸಾರಿ'ಯಲ್ಲಿ ನೀರುಪಾಲಾಯಿತು. ಬುಗುರಿ ಈ ಸಲ ಬಿದ್ದ ಹಾಗೆ ಹಿಂದೆಂದೂ ಬಿದ್ದಿರಲಿಲ್ಲ. ಲೋಟ ಎತ್ತಲಾಗುತ್ತಿರಲಿಲ್ಲ, ಕೊಳವೆಯಿಂದ ಹೀರಬೇಕಿತ್ತು. ಯಂತ್ರ ಸರಿಯಾಯಿತು ಬನ್ನಿ ಎಂದು ಮತ್ತೆ ಫೋನ್ ಬಂದಾಗ, ಅಕ್ಕ ಇದನ್ನೆಲ್ಲ ಹೇಳಿದ್ದಳು. ಅಧ್ಯಯನದ ಕೆಲಸ ನೋಡಿಕೊಳ್ಳುವ ಹೆಂಗಸು ಅಯ್ಯೋ ಪಾಪ ಎಂದು ಮರುಗಿ, ಹುಷಾರಾದ ಮೇಲೆ ಬನ್ನಿ ಎಂದಿದ್ದಳು. ತಿಂಗಳ ಕೊನೆಯೊಳಗೆ ಹುಷಾರಾಗದಿದ್ದರೆ ಬೇಜಾರು ಮಾಡ್ಕೋಬೇಡಿ, ಬಿಟ್ಟವರ ಪಟ್ಟಿಗೆ ಸೇರಿಸ್ತೀವಿ ಎಂದೂ ಸೇರಿಸಿದ್ದಳು.

ಅಕ್ಕ ಕತ್ತಲೆ ಮಾಡಿದ ಕೋಣೆಗೆ ಹೋಗಿ, ನೆಲದ ಮೇಲೆ ಕೂತು, ತಂಗಿಯ ಕಿವಿಯ ಹತ್ತಿರ ಪಿಸುಗುಟ್ಟುತ್ತ ಎಲ್ಲ ಹೇಳಿದಳು. ನಿದ್ದೆ ಹೋದಳೆಂದು ಏಳುವಷ್ಟರಲ್ಲಿ ಬುಗುರಿಯ ತುಟಿ ಅಲುಗಿತು.

"ಹೀಗೇ ಹೋಗೋಣ."

ಅಕ್ಕ ಮತ್ತೆ ನೆಲಕ್ಕೆ ಕೂತಳು. ಹುಚ್ಚು ಮಾತಾಡಬೇಡ, ಚೆನ್ನಾಗಿದ್ದಾಗ ಹೋಗಿಯೇ ಈ ಗತಿ, ಹೀಗೆ ಹೋದರೆ ವಾಪಸ್ ಬರುವಾಗ ಏನು ಉಳಿದಿರುತ್ತೆ ಎಂದಳು. ಬುಗುರಿ ಉಸಿರು ಕೂಡಿಸಿಕೊಂಡು ಒಂದೊಂದೇ ಮಾತು ಹೊರಗೆ ಹಾಕಿದಳು.

"ಅವರು ಎರಡು ಸಲ ನೋಡಿದ್ದು ನನ್ನನ್ನಲ್ಲ. ನೀನು ರೆಡಿ ಮಾಡಿದವಳನ್ನ."

ಅಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ದಿನ ಆಸ್ಪತ್ರೆಯವರ ಮೇಲೆ ಕುದಿಯುತ್ತಿದ್ದವಳಿಗೆ, ಕಾಯಿಲೆಯ ಮುಖಕ್ಕೆ ಬಣ್ಣ ಹಚ್ಚಿ ಕರೆದೊಯ್ದವಳು ತಾನೇ ಎಂಬುದು ಹೊಳೆದಿರಲಿಲ್ಲ. ಸುಸ್ತನ್ನು ಅಳೆಯುವ ಕಡೆಗೆ ಸುಸ್ತನ್ನು ಮನೆಯಲ್ಲೇ ಬಿಟ್ಟು ಹೋಗಲು ಎರಡೆರಡು ವಾರ ಒದ್ದಾಡಿದ್ದರು! ಆ ಡಾಕ್ಟರುಗಳು ಅದನ್ನೇ ಕಂಡು ಮೆಚ್ಚಿಕೊಂಡಿದ್ದರು. ಅವಳಿಗೆ ತನ್ನ ಮೇಲೆ ಬಂದ ಸಿಟ್ಟೂ ಕೊನೆಗೆ ಆಸ್ಪತ್ರೆಯವರ ಕಡೆಗೇ ತಿರುಗಿತು. ತಾನು ಹೆಚ್ಚು ಓದಿಲ್ಲದವಳು, ಮಾನಕ್ಕೆ ಅಂಜಿ ಮಾಡಿದೆ. ಅಷ್ಟು ಓದಿದವರಿಗೆ ಏನಾಗಿತ್ತು?

ಮಾರನೆಯ ಬೆಳಗ್ಗೆ ಹೊರಟರು. ತಲೆ ಬಾಚಲಿಲ್ಲ, ಬಟ್ಟೆ ಬದಲಿಸಲಿಲ್ಲ. ಮೂರನೆಯ ಮಹಡಿಯಿಂದ ಇಳಿಸಲು ಲಿಫ್ಟ್ ಇರಲಿಲ್ಲ, ಅಕ್ಕ ತಲೆಯ ಕಡೆ, ಅಪ್ಪ ಕಾಲಿನ ಕಡೆ ಹಿಡಿದು ಎತ್ತಬೇಕಾಯಿತು. ಅಪ್ಪ ಬುಗುರಿಯನ್ನು ಎತ್ತಿ ಎಷ್ಟೋ ವರ್ಷವಾಗಿತ್ತು. ಎತ್ತಿದ ತಕ್ಷಣ ಅವರು ಗಕ್ಕನೆ ನಿಂತು ಅಕ್ಕನ ಮುಖ ನೋಡಿದರು. ಬುಗುರಿ ಅಷ್ಟು ಹಗುರಾಗಿದ್ದಳು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಕೈಯಿಂದ ಅವಳ ಕಣ್ಣಿಗೆ ನೆರಳು ಮಾಡಿಕೊಂಡು ಕೂತಿದ್ದರು. ಅಕ್ಕ ಹಂಪು ಬಂದಲ್ಲೆಲ್ಲ ಕಾರನ್ನು ತೆವಳಿಸಿದಳು. ಹಿಂದಿನಿಂದ ಹಾರನ್ ಬಾರಿಸಿದವರನ್ನು ಮನಸ್ಸಿನಲ್ಲೇ ಏಳು ತಲೆಮಾರು ಸೇರಿಸಿ ಬೈದಳು.

ಆಸ್ಪತ್ರೆಯ ಗಾಲಿಕುರ್ಚಿಯಲ್ಲಿ ಕಪ್ಪು ಕನ್ನಡಕ, ಕಿವಿಗೆ ಹತ್ತಿ, ಒಂದು ಕಡೆಗೆ ವಾಲಿದ ಕತ್ತು. ಫೋನ್ ಮಾಡಿದ್ದ ಹೆಂಗಸು ನೋಡಿದವಳೇ ಎದೆಯ ಮೇಲೆ ಕೈ ಇಟ್ಟುಕೊಂಡಳು. ಈ ಸ್ಥಿತಿಯಲ್ಲಿ ತೆಗೆದುಕೊಳ್ಳಲಾಗದು, ನಡೆದು ಬರುವಷ್ಟು ಚೇತರಿಸಿಕೊಂಡಿರಬೇಕು ಎಂಬುದು ನಿಯಮ ಎಂದಳು. ಅಕ್ಕ ಬಾಗಿ ಗಾಲಿಕುರ್ಚಿಯ ಬ್ರೇಕು ಹಾಕಿದಳು. ಅದೂ ಸರಿಯಾಗಿ ಯಂತ್ರದ ಕೋಣೆಯ ಬಾಗಿಲಿಗೆ ಅಡ್ಡವಾಗಿ. ದೊಡ್ಡ ಡಾಕ್ಟರನ್ನು ಕರೆಯಿರಿ, ಅವರು ಬರುವವರೆಗೆ ಇದು ಅಲ್ಲಾಡುವುದಿಲ್ಲ ಎಂದಳು.

ನಗುಮುಖ ಬಂದರು. ನಗುತ್ತಲೇ ಬಂದರು, ಕುರ್ಚಿಯ ಕಡೆ ನೋಡಿ ನಗು ಅರ್ಧಕ್ಕೆ ನಿಂತಿತು. ಆ ನಿಯಮ ಮಾಡಿದ್ದೇ ರೋಗಿಗಳ ಒಳ್ಳೆಯದಕ್ಕೆ, ಕಷ್ಟದಲ್ಲಿರುವವರನ್ನು ಎಳೆದು ತರಬಾರದು ಎಂಬ ಕರುಣೆಯಿಂದ ಎಂದು ವಿವರಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ಅಕ್ಕನ ಪಿತ್ತ ನೆತ್ತಿಗೇರಿಸಿತು. ಕೆಟ್ಟವರಾದರೆ ಬೈದು ಹಗುರಾಗಬಹುದು, ಇವರು ಒಳ್ಳೆಯವರಾಗಿದ್ದುಕೊಂಡೇ ತನ್ನ ತಂಗಿಯನ್ನು ಹೊರಗೆ ನಿಲ್ಲಿಸಿದ್ದರು. ಕಾಲು ಮುರಿದವನಿಗೆ, ಮೂಳೆ ಕೂಡಿದ ಮೇಲೆ ಬಾ, ಎಕ್ಸ್‌ರೇ ತೆಗೆಯುತ್ತೇನೆ ಎನ್ನುವವರನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಕೇಳಿದಳು. ಡಾಕ್ಟರು ಬಾಯಿ ತೆರೆದರು. ಅಷ್ಟರಲ್ಲಿ ಬುಗುರಿ ಕುರ್ಚಿಯ ಕೈ ಮೇಲಿಂದ ಎರಡು ಬೆರಳು ಎತ್ತಿದಳು. ಎಲ್ಲರೂ ಬಾಗಿದರು.

"ನಾನು ಒಪ್ಪಿದ್ದೀನಿ. ತೆಗೀರಿ."

ತೆಗೆದರು. ಅಪಾಯವಿಲ್ಲವೆಂದು ನಾಡಿ, ಜ್ವರ ಎಲ್ಲ ನೋಡಿ, ನಾಲ್ಕು ಜನ ಸೇರಿ ಎತ್ತಿ ಮಲಗಿಸಿ ತೆಗೆದರು. ಅಂಕಿಗಳ ಆಟದಲ್ಲಿ ಬುಗುರಿ ಒಂದು ಸಲವೂ ಗುಂಡಿ ಒತ್ತಲಿಲ್ಲ, ಬೆರಳು ಗುಂಡಿಯ ಮೇಲೆ ಸುಮ್ಮನೆ ಬಿದ್ದಿತ್ತು. ಗಾಜಿನ ಈಚೆ ಅಕ್ಕ ಉಗುರು ಕಚ್ಚುತ್ತ ನಿಂತಿದ್ದಳು. ಯಂತ್ರ ನಡೆಸುವವಳು ಪರದೆ ನೋಡುತ್ತ, ಇಷ್ಟು ವರ್ಷದಲ್ಲಿ ಇಷ್ಟು ಅಲ್ಲಾಡದೆ ಮಲಗಿದವರನ್ನು ಕಂಡಿಲ್ಲ, ಇಷ್ಟು ಸ್ಪಷ್ಟವಾದ ಚಿತ್ರವೂ ಬಂದಿಲ್ಲ ಎಂದು ಖುಷಿಪಟ್ಟಳು. ಅಕ್ಕನಿಗೆ ಅವಳನ್ನು ಅಪ್ಪಿಕೊಳ್ಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ.

ಆಮೇಲೆ ಡಾಕ್ಟರು ಮೂವರನ್ನೂ ತಮ್ಮ ಕೋಣೆಗೆ ಕರೆದರು. ಚಾವಣಿಯಲ್ಲಿ ಮೂರು ಟ್ಯೂಬ್‌ಲೈಟು, ಮೇಜಿನ ಮೇಲೊಂದು ದೀಪ. ಈ ಚಿತ್ರದೊಳಗೆ ಏನಿದೆ ಎಂಬುದು ವಾರಗಟ್ಟಲೆ ಲೆಕ್ಕ ಹಾಕಿದ ಮೇಲೆ ಗೊತ್ತಾಗುವಂಥದ್ದು, ಆದರೆ ಇದನ್ನು ಆ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ ಎಂದರು. ಉಳಿದವರೆಲ್ಲರ ಚಿತ್ರಗಳು ಚೆನ್ನಾಗಿದ್ದ ದಿನ ತೆಗೆದವು. ಇದೊಂದು ಬೇರೆ. ಬೇರೆ ಬೇರೆ ಸ್ಥಿತಿಯವನ್ನು ಹೋಲಿಸಿದರೆ ಶಾಸ್ತ್ರಕ್ಕೆ ಸರಿಯಾಗದು. ಹೇಳಿ, ಅವರೇ ದೊಡ್ಡ ಮನಸ್ಸು ಮಾಡಿ ಒಂದು ದಾರಿಯನ್ನೂ ತೋರಿಸಿದರು. ಅವಧಿಯನ್ನು ಇನ್ನೆರಡು ತಿಂಗಳು ಮುಂದೂಡುತ್ತೇನೆ, ಚೆನ್ನಾಗಿ ವಿಶ್ರಾಂತಿ ತೆಗೆದುಕೊಂಡು ಹಿಂದಿನಂತೆ ನಡೆದು ಬನ್ನಿ, ಆಗ ತೆಗೆದದ್ದನ್ನೇ ಮೂರನೆಯದೆಂದು ಇಟ್ಟುಕೊಳ್ಳುತ್ತೇನೆ, ನಿಮ್ಮ ನಾಲ್ಕು ವರ್ಷವೂ ವ್ಯರ್ಥವಾಗುವುದಿಲ್ಲ ಎಂದರು.

ಅಕ್ಕನ ಬಾಯಿಗೆ ಹೂಂ ಎಂಬುದು ಬಂದೇಬಿಟ್ಟಿತ್ತು. ಅದು ಸುಳ್ಳು ಚಿತ್ರವಾದರೇನು, ತಂಗಿ ಲೆಕ್ಕದಲ್ಲಿ ಉಳಿಯುತ್ತಾಳಲ್ಲ ಎಂದು ಒಳಗೊಂದು ದನಿ ಪುಸಲಾಯಿಸುತ್ತಿತ್ತು. ಅವಳು ತಂಗಿಯ ಕಡೆ ತಿರುಗಿದಳು. ಬುಗುರಿಯ ಮುಖ ಬಿಳುಚಿಕೊಂಡಿತ್ತು, ತುಟಿಗಳು ಒಣಗಿ ಅಂಟಿಕೊಂಡಿದ್ದವು. ಅಕ್ಕ ಬೆರಳಿಗೆ ನೀರು ಮುಟ್ಟಿಸಿ ಒದ್ದೆ ಮಾಡಿದಳು.

"ಮೂರೂ ಇಟ್ಕೊಳ್ಳಿ," ಎಂದಳು ಬುಗುರಿ. ಮಾತು ನಿಂತಿತು. ಮತ್ತೆ ಉಸಿರು ಬಂತು. "ಇಲ್ಲಾಂದ್ರೆ ಒಂದೂ ಬೇಡ. ಹಳೇ ಎರಡೂ ಅಳಿಸಿ."

ಡಾಕ್ಟರಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದು ಬೇಡವಾಗಿತ್ತೋ, ಏನಂದ್ರಿ ಎಂದರು. ಬುಗುರಿಗೆ ಇನ್ನೊಮ್ಮೆ ಹೇಳುವ ತ್ರಾಣವಿರಲಿಲ್ಲ. ಅಲ್ಲಿಯವರೆಗೆ ಬಾಗಿಲ ಬಳಿ ಟೋಪಿ ಹಿಡಿದುಕೊಂಡು ನಿಂತಿದ್ದ ಅಪ್ಪ ಮುಂದೆ ಬಂದರು.

"ಮೂರನ್ನೂ ಇಟ್ಕೊಳ್ಳಿ, ಇಲ್ಲ ಮೂರನ್ನೂ ಬಿಡಿ ಅಂತಿದ್ದಾಳೆ ನನ್ನ ಮಗಳು. ಯಾವಾಗ ಬೇಕಾದ್ರೂ ಹಿಂದೆ ಸರಿಯೋ ಹಕ್ಕಿದೆ ಅಂತ ಸೇರುವಾಗ ನೀವೇ ಹೇಳಿದ್ರಲ್ಲ."

ಡಾಕ್ಟರ ಮುಖದಲ್ಲಿ ಈಗ ನಗು ಎಂಬುದರ ಸುಳಿವೂ ಇರಲಿಲ್ಲ. ಹಾಗೆ ಮಾಡಬೇಡಿ, ಈಗಾಗಲೇ ಜನ ಬಹಳ ಕಡಿಮೆಯಾಗಿದ್ದಾರೆ, ಇನ್ನೊಬ್ಬರು ಹೋದರೂ ಅಧ್ಯಯನವೇ ಬಿದ್ದುಹೋಗುತ್ತದೆ ಎಂದು ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು. ಎಷ್ಟು ಜನ ಹೋದರು ಎಂದು ಅಕ್ಕ ಕೇಳಿದಳು. ಅರ್ಧದಷ್ಟು ಎಂದರು. ಯಾಕೆ ಹೋದರು ಎಂದು ಕೇಳಿದಳು. ಡಾಕ್ಟರು ಪೆನ್ನು ತಿರುಗಿಸುತ್ತ, ಆಸಕ್ತಿ ಕಡಿಮೆಯಾಗಿರಬಹುದು, ಕೆಲವರು ಗುಣವಾಗಿ ಕೆಲಸಕ್ಕೆ ಹೋಗಲು ಶುರು ಮಾಡಿರಬಹುದು, ಉಳಿದವರನ್ನು ನೋಡಿದರೆ ಒಟ್ಟಾರೆ ಎಲ್ಲರೂ ಸುಧಾರಿಸುತ್ತಿರುವಂತೆಯೇ ಕಾಣುತ್ತಿದೆ ಎಂದರು.

ಅಕ್ಕ ಆ ಬಿಟ್ಟವರ ಪಟ್ಟಿಯನ್ನು ನೆನೆದಳು. ಎಷ್ಟು ಮನೆಗಳಲ್ಲಿ ಎಷ್ಟು ಕೋಣೆಗಳ ಪರದೆ ಎಳೆದಿತ್ತೋ! ಎಷ್ಟು ಅಕ್ಕಂದಿರು, ಎಷ್ಟು ತಾಯಂದಿರು ಸರಿ ಮೇಡಂ ಎಂದು ಫೋನಿಟ್ಟಿದ್ದರೋ! ಬೀಳದವರನ್ನು ಮಾತ್ರ ಒಳಗೆ ಬಿಟ್ಟು, ಬಿದ್ದವರನ್ನು ಗುಣವಾದರೆಂದು ಬರೆದುಕೊಂಡು, ಯಾರೂ ಬೀಳುತ್ತಿಲ್ಲ ಎಂದು ಲೋಕಕ್ಕೆ ಸಾರಲು ಹೊರಟಿದ್ದರು. ಅದನ್ನು ಓದಿ ನಾಳೆ ಇನ್ಯಾವನೋ ಅಪ್ಪ ತನ್ನ ಮಗಳಿಗೆ ಎದ್ದು ನಡೆ ಎನ್ನುತ್ತಾನೆ. ಕೂಗಾಡಬೇಕೆಂದು ಬಾಯಿ ತೆರೆದವಳು ತಂಗಿಯ ಹಣೆಯಲ್ಲಿ ಬೆವರು ಕಂಡು ದನಿ ನುಂಗಿದಳು. ಎದ್ದು ಹೋಗಿ ಟ್ಯೂಬ್‌ಲೈಟುಗಳನ್ನು ಆರಿಸಿದಳು. ಮೇಜಿನ ದೀಪವನ್ನೂ ಆರಿಸಿ, ಕಿಟಕಿಯ ಪರದೆ ಎಳೆದಳು. ಡಾಕ್ಟರು ತಮ್ಮದೇ ಕೋಣೆಯಲ್ಲಿ ಕತ್ತಲೆಯಲ್ಲಿ ಕೂತರು.

"ಇವಳು ತಿಂಗಳುಗಟ್ಟಲೆ ಹೀಗೇ ಇರ್ತಾಳೆ," ಎಂದು ಅಕ್ಕ ಪಿಸುಗುಟ್ಟಿದಳು. "ನೀವು ಒಂದು ಫೋನ್ ಮುಗಿಸೋವರೆಗಾದ್ರೂ ಹೀಗೆ ಕೂತ್ಕೊಳ್ಳಿ. ಯಾರನ್ನ ಕೇಳ್ಬೇಕೋ ಅವರನ್ನ ಈಗಲೇ ಕೇಳಿ."

ಅವರು ಕೇಳಬೇಕಿದ್ದುದು ಅಧ್ಯಯನದ ಸಮಿತಿಯ ಹಿರಿಯರನ್ನು. ಆಮೇಲೆ ಫೋನಿನ ನೀಲಿ ಬೆಳಕು ಹತ್ತಿತು, ಅವರು ಅದನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಮೊದಲು ಎಂದಿನ ಗಟ್ಟಿ ದನಿಯಲ್ಲಿ ಸರ್ ಎಂದವರು, ತಾವಾಗಿಯೇ ತಗ್ಗಿಸಿದರು. ಕೆಟ್ಟ ದಿನದ ಚಿತ್ರ ಒಂದಿದೆ, ಅದನ್ನು ಸೇರಿಸಬೇಕು, ನಿಯಮ ಬದಲಿಸಬೇಕು ಎಂದರು. ಆ ಕಡೆಯಿಂದ ಉದ್ದವಾಗಿ ಏನೋ ಬಂತು. ಡಾಕ್ಟರು ಹೂಂಗುಟ್ಟುತ್ತ ಕೇಳಿದರು.

"ಇಲ್ಲ ಸರ್, ಅವರು ಬಿಟ್ಟು ಹೋಗಿಲ್ಲ," ಎಂದರು ಕೊನೆಗೆ. "ನಮ್ಮ ಪರೀಕ್ಷೆಗೆ ಬಂದೇ ಬಿದ್ದಿದ್ದಾರೆ. ನಾವೇ ಬರ್ಬೇಡಿ ಅಂದಿದ್ದು."

ಅಕ್ಕ ಕತ್ತಲಲ್ಲಿ ತಂಗಿಯ ಕೈ ಹುಡುಕಿ ಹಿಡಿದಳು. ಕೈ ತಣ್ಣಗಿತ್ತು. ಅವಳು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಆ ಕಡೆಯವರು ಇನ್ನೇನೋ ಕೇಳಿದರು, ಚಿಕ್ಕ ಪ್ರಶ್ನೆ. ಉಳಿದವರ ಕಥೆಯೂ ಇದೇನಾ ಎಂದಿರಬೇಕು.

"ಗೊತ್ತಿಲ್ಲ ಸರ್," ಎಂದರು ಡಾಕ್ಟರು. "ನಾವು ಯಾರನ್ನೂ ಕೇಳಲೇ ಇಲ್ಲ."